ಊರು ಕೈಬಿಟ್ಟು ಹೋಯ್ತು, ಹೆಸರು ಮಾತ್ರ ಜೊತೆಗೆ ಬಂತು

ಹೋದ ಸಂಚಿಕೆಯಲ್ಲಿ ಕರಾವಳಿ ಕ್ರಿಶ್ಚಿಯನ್ನರ ಸರ್‌ನೇಮ್‌ಗಳ ಬಗ್ಗೆ ಬರೀತಾ 'ನೊರೊನ್ಹಾ ಅನ್ನೋದು ಮೂಲತಃ ಸ್ಪೇನಿನ ಒಂದು ಸಣ್ಣ ಊರಿನ ಹೆಸರು' ಅಂತ ಒಂದೇ ಸಾಲು ಹಾಕಿದ್ದೆ. ಅದೊಂದು ಸಾಲಿಗೆ ಬಂದಷ್ಟು ಪ್ರಶ್ನೆ ಉಳಿದ ಇಡೀ ಬರಹಕ್ಕೆ ಬರ್ಲಿಲ್ಲ. ಹಂಗಾಗಿ ಈ ಸಲದ ಅಂಕಣ ಪೂರ್ತಿ ನೊರೊನ್ಹಾಗಳಿಗೇ. ಸಕ್ಕರೆ ಕಾಯಿಲೆ, ಸೈಟು, ಜಾತಕದ ಪ್ರಶ್ನೆ ಕೇಳಿದವರು ದಯವಿಟ್ಟು ಮುಂದಿನ ಸಲಕ್ಕೆ ಕಾಯಿರಿ.

ಪ್ರಶ್ನೆ: ನಮ್ಮ ಪಕ್ಕದ ಮನೆಯವರು ನೊರೊನ್ಹಾ. ಪೋರ್ಚುಗೀಸ್ ಹೆಸರು ಅಂತಲೇ ನಾವೆಲ್ಲ ಅಂದ್ಕೊಂಡಿದ್ವಿ, ಅವರೂ ಹಂಗೇ ಹೇಳ್ತಾರೆ. ನೀವು ನೋಡಿದ್ರೆ ಸ್ಪೇನ್ ಅಂತೀರಿ. ಯಾವುದು ಸರಿ? (ಮಂಗಳೂರಿನ ಓದುಗರು)

ಎರಡೂ ಸರಿ ಸಾರ್. ಹೆಸರು ಹುಟ್ಟಿದ್ದು ಈಗ ಸ್ಪೇನ್ ಅಂತ ಕರೆಯೋ ಕಡೆ, ದೊಡ್ಡದಾಗಿದ್ದು ಪೋರ್ಚುಗಲ್‌ನಲ್ಲಿ. ಸ್ಪೇನಿನ ಉತ್ತರಕ್ಕೆ ಸಮುದ್ರದ ಪಕ್ಕ ಆಸ್ಟೂರಿಯಾಸ್ ಅಂತ ಒಂದು ಪ್ರಾಂತ್ಯ, ಗುಡ್ಡ ಜಾಸ್ತಿ ಮಳೆ ಜಾಸ್ತಿ, ಹಸಿರು ಅಂದ್ರೆ ಹಸಿರು. ಅಲ್ಲಿ ನೊರೇನ್ಯಾ ಅಂತ ಒಂದು ಊರು. 1300ರ ದಶಕಗಳಲ್ಲಿ ಇದರ ಒಡೆಯ ರೊದ್ರಿಗೊ ಆಲ್ವಾರೆಜ್ ಅನ್ನೋ ದೊಡ್ಡ ಜಮೀನ್ದಾರ, ಬಂದರು ಪಟ್ಟಣ ಹಿಹೋನ್ ಕೂಡ ಅವನದ್ದೇ. ಅವನಿಗೆ ವಾರಸುದಾರರಿಲ್ಲ. 1330ರ ದಶಕದಲ್ಲಿ ಸಾಯುವಾಗ ಆಸ್ತಿಯನ್ನೆಲ್ಲ ಒಂದು ಕೂಸಿನ ಹೆಸರಿಗೆ ಬಿಟ್ಟು ಹೋದ. ಆ ಕೂಸು ಕಾಸ್ಟೀಲ್ (ಈಗಿನ ಸ್ಪೇನಿನೊಳಗೆ ಸೇರಿಹೋದ ಹಳೇ ರಾಜ್ಯ) ರಾಜ ಹನ್ನೊಂದನೇ ಅಲ್ಫೊನ್ಸೊಗೆ ಲಿಯೊನೋರ್ ಡೆ ಗುಜ್ಮಾನ್ ಅನ್ನೋ ಪ್ರೇಯಸಿಯಲ್ಲಿ ಹುಟ್ಟಿದ ಎನ್ರಿಕೆ. ಮದುವೆ ಇಲ್ಲದೆ ಹುಟ್ಟಿದ ಮಗು, ಸಿಂಹಾಸನ ಸಿಗೋ ಹಂಗಿಲ್ಲ, ಜಮೀನಾದ್ರೂ ಇರ್ಲಿ ಅಂತ ಲೆಕ್ಕಾಚಾರ.

ಆದ್ರೆ ಎನ್ರಿಕೆ ಅಷ್ಟಕ್ಕೆ ಸುಮ್ಮನಿರೋ ಗಿರಾಕಿ ಅಲ್ಲ. ಪಟ್ಟದ ಮೇಲಿದ್ದ ಮಲತಮ್ಮ ಪೆದ್ರೊ ಜೊತೆ ವರ್ಷಗಟ್ಟಲೆ ಹೊಡೆದಾಡಿ, 1369ರಲ್ಲಿ ಮೊಂತಿಯೆಲ್ ಅನ್ನೋ ಕಡೆ ಅವನನ್ನ ಕೊಂದು ತಾನೇ ರಾಜ ಆಗಿಬಿಟ್ಟ. ಈ ಎರಡನೇ ಎನ್ರಿಕೆಗೂ ಮದುವೆಯಾಚೆ ಮಕ್ಕಳಿದ್ರು, ಅವರಲ್ಲಿ ಒಬ್ಬ ಅಲ್ಫೊನ್ಸೊ ಎನ್ರಿಕೆಜ್. ತನಗೆ ಬಂದಿದ್ದ ನೊರೇನ್ಯಾ, ಹಿಹೋನ್ ಎರಡನ್ನೂ ಅಪ್ಪ ಈ ಮಗನಿಗೆ ಕೊಟ್ಟು ಕೌಂಟ್ (ಸೀಮೆಯ ಒಡೆಯನ ಬಿರುದು) ಮಾಡಿದ. ನಿಮ್ಮ ಪಕ್ಕದ ಮನೆ ಹೆಸರು ಶುರುವಾಗೋದು ಈ ಅಲ್ಫೊನ್ಸೊನಿಂದ. ಕಾಗುಣಿತ ಬದಲಾಗಿದ್ದು ಹೇಗೆ ಅಂದ್ರೆ, ಸ್ಪ್ಯಾನಿಷ್‌ನವರು ಎನ್ ಅಕ್ಷರದ ತಲೆ ಮೇಲೆ ಒಂದು ಗೆರೆ ಎಳೆದು ಬರೆಯೋ ಸದ್ದನ್ನ ಪೋರ್ಚುಗೀಸರು ಎನ್ ಪಕ್ಕ ಎಚ್ ಇಟ್ಟು ಬರೀತಾರೆ, ನಾವು ಆ ಎಚ್ಚನ್ನೂ ಬಿಡದೆ ಓದಿ ನೊರೊನ್ಹಾ ಮಾಡ್ಕೊಂಡ್ವಿ, ಅಷ್ಟೇ.

ಪ್ರಶ್ನೆ: ರಾಜನ ಮಗ, ಕೌಂಟ್ ಪದವಿ, ಬಂದರು ಪಟ್ಟಣ ಎಲ್ಲ ಇತ್ತು ಅಂದ್ಮೇಲೆ ಪೋರ್ಚುಗಲ್‌ಗೆ ಯಾಕೆ ಹೋದ? (ಶಿವಮೊಗ್ಗ)

ಅವನು ಹೋಗ್ಲಿಲ್ಲ, ಹೆಂಡತಿ ಮಕ್ಕಳು ಹೋಗಿದ್ದು. ಇದೇ ಈ ಕಥೆಯ ಮಜಾ ಇರೋ ಭಾಗ, ಸ್ವಲ್ಪ ಉದ್ದ ಆಗತ್ತೆ ಕೂತ್ಕೊಂಡು ಓದಿ.

1373ರಲ್ಲಿ ಕಾಸ್ಟೀಲ್‌ಗೂ ಪೋರ್ಚುಗಲ್‌ಗೂ ಸಾಂತರೇಂನಲ್ಲಿ ಒಂದು ಸಂಧಿ ಆಯ್ತು. ಆ ಕಾಲದ ಸಂಧಿ ಅಂದ್ರೆ ಮದುವೆ ಇಲ್ಲದೆ ಮುಗಿಯೋದೇ ಇಲ್ಲ. ಪೋರ್ಚುಗಲ್ ರಾಜ ಫೆರ್ನಾಂದೊಗೆ ಇಸಾಬೆಲ್ ಅಂತ ಮಗಳು, ಅವಳೂ ಮದುವೆಯಾಚೆ ಹುಟ್ಟಿದವಳೇ, ಅವಳನ್ನ ಅಲ್ಫೊನ್ಸೊಗೆ ಕೊಡೋದು ಅಂತ ಬರೆದಾಯ್ತು. ಹುಡುಗಿ ಇನ್ನೂ ಮಗು, ಹುಡುಗನಿಗೆ ಮೀಸೆ ಚಿಗುರೋ ವಯಸ್ಸು, ಅವನು ಸುತಾರಾಂ ಒಪ್ಪಲಿಲ್ಲ. ಮದುವೆ ತಪ್ಪಿಸ್ಕೊಳ್ಳೋಕೆ ಫ್ರಾನ್ಸ್ ಕಡೆ ಓಡಿಹೋದ, ಪೋಪ್ ಹತ್ರ ದೂರು ಒಯ್ದ, ಅಪ್ಪ ಜಮೀನು ಕಿತ್ಕೊಳ್ಳೋಕೆ ಶುರು ಮಾಡಿದ್ಮೇಲೆ ಮುಖ ಊದಿಸ್ಕೊಂಡು ವಾಪಸ್ ಬಂದು ಬುರ್ಗೋಸ್‌ನಲ್ಲಿ ತಾಳಿ ಕಟ್ಟಿದ (ತಾಳಿ ಅಂದಿದ್ದು ಮಾತಿಗೆ, ಪತ್ರ ಬರೀಬೇಡಿ). ಇಷ್ಟು ರಂಪ ಮಾಡಿ ಕಟ್ಟಿಕೊಂಡ ಹೆಂಡತಿಯೇ ಕೊನೆಗೆ ಅವನ ಪರವಾಗಿ ಕೋಟೆ ಕಾದಿದ್ದು, ಅದು ಆಮೇಲೆ.

ಅಪ್ಪ ಸತ್ತ ಮೇಲೆ 1379ರಲ್ಲಿ ಮಲಸಹೋದರ ಮೊದಲನೇ ಹುವಾನ್ ರಾಜ ಆದ. ಅಲ್ಫೊನ್ಸೊಗೆ ಅವನ ಕೈಕೆಳಗೆ ಇರೋಕೆ ಆಗ್ಲಿಲ್ಲ. ದಂಗೆ ಏಳೋದು, ಸಿಕ್ಕಿಬೀಳೋದು, ಕ್ಷಮೆ ಕೇಳೋದು, ಮತ್ತೆ ದಂಗೆ. 1383ರಲ್ಲಿ ಹುವಾನ್ ಸೈನ್ಯ ತಗೊಂಡು ಹಿಹೋನ್ ಮುತ್ತಿದ, ಅಲ್ಫೊನ್ಸೊ ಶರಣಾದ, ಈ ಸಲ ಕ್ಷಮೆ ಇಲ್ಲ, ಜೈಲು. ನೊರೇನ್ಯಾವನ್ನ ರಾಜ ಓವಿಯೆದೊ ನಗರದ ಬಿಷಪ್‌ಗೆ ಕೊಟ್ಟುಬಿಟ್ಟ. ಅಲ್ಲಿಂದ ಮುಂದೆ ಓವಿಯೆದೊದ ಬಿಷಪ್‌ಗಳೇ ನೊರೇನ್ಯಾದ ಕೌಂಟ್‌ಗಳು, ಇಪ್ಪತ್ತನೇ ಶತಮಾನದವರೆಗೂ ಆ ಬಿರುದು ಅವರ ಹತ್ರಾನೇ ಇತ್ತು. ಅಂದ್ರೆ ನೊರೊನ್ಹಾ ಅನ್ನೋ ಮನೆತನ ಹೆಸರು ಮಾಡೋ ಹೊತ್ತಿಗೆ ಆ ಊರಿನಲ್ಲಿ ಅವರಿಗೆ ಒಂದು ಗೇಣು ಜಾಗವೂ ಇರ್ಲಿಲ್ಲ. ನನಗೆ ಈ ಇಡೀ ಇತಿಹಾಸದಲ್ಲಿ ಹಿಡಿಸಿದ್ದು ಇದೇ: ಊರು ಇದ್ದ ಅಪ್ಪನಿಗೆ ಆ ಹೆಸರಿನ ಹಂಗಿರ್ಲಿಲ್ಲ, ಊರು ಕಳ್ಕೊಂಡ ಮಕ್ಕಳು ಅದನ್ನ ಬಿಗಿಯಾಗಿ ಹಿಡ್ಕೊಂಡ್ರು.

ಹುವಾನ್ 1390ರಲ್ಲಿ ಕುದುರೆಯಿಂದ ಬಿದ್ದು ಸತ್ತ, ಪಟ್ಟಕ್ಕೆ ಬಂದ ಮಗ ಮೂರನೇ ಎನ್ರಿಕೆ ಇನ್ನೂ ಹುಡುಗ. ಗದ್ದಲದಲ್ಲಿ ಅಲ್ಫೊನ್ಸೊನ ಬಿಡುಗಡೆ ಆಯ್ತು. ಹೊರಗೆ ಬಂದವನು ಏನು ಮಾಡಿದ? ಮತ್ತೆ ದಂಗೆ! 1394ರಲ್ಲಿ ಹಿಹೋನ್‌ಗೆ ಮತ್ತೆ ಮುತ್ತಿಗೆ ಬಿತ್ತು. ಚಳಿಗಾಲ, ಎರಡೂ ಕಡೆ ಸುಸ್ತು, ಫ್ರಾನ್ಸ್ ರಾಜ ಪಂಚಾಯ್ತಿ ಮಾಡ್ಲಿ ಅಂತ ಒಪ್ಪಂದ ಮಾಡ್ಕೊಂಡು ಅಲ್ಫೊನ್ಸೊ ಫ್ರಾನ್ಸ್‌ಗೆ ಹೋದ. ಪಂಚಾಯ್ತಿ ಅವನ ಪರ ಆಗ್ಲಿಲ್ಲ. 1395ರಲ್ಲಿ ಸೈನ್ಯ ವಾಪಸ್ ಬಂದಾಗ ಊರು ಕಾದಿದ್ದು ಕೌಂಟೆಸ್ ಇಸಾಬೆಲ್. ಕೊನೆಗೆ ತಾಳೋಕಾಗದೆ ಹಡಗು ಹತ್ತಿ ಹೊರಟಳು. ಹಿಹೋನ್ ಸುಟ್ಟು ಬೂದಿ ಆಯ್ತು. ಹೋಗೋವಾಗ ಇಸಾಬೆಲ್ಲೇ ಬೆಂಕಿ ಇಟ್ಟಳು ಅಂತ ಅಲ್ಲಿಯ ಜನರ ಕಥೆ. ಉಳಿದ ಗೋಡೆಯನ್ನ ರಾಜನ ಕಡೆಯವರು ಕೆಡವಿದ್ರು.

ಈಗ ಆಕೆ ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಬೇಕು? ತವರಿಗೆ. ಅಪ್ಪ ಫೆರ್ನಾಂದೊ ಸತ್ತು ಹೋಗಿದ್ದ, ಲಿಸ್ಬನ್‌ನಲ್ಲಿ 1385ರಿಂದ ರಾಜನಾಗಿದ್ದವನು ಅವಳ ಚಿಕ್ಕಪ್ಪ ಮೊದಲನೇ ಜೊವಾಂವ್, ಅವನೂ ಮದುವೆಯಾಚೆ ಹುಟ್ಟಿ ಪಟ್ಟಕ್ಕೆ ಬಂದವನು (ಹೌದು, ಈ ಕಥೆಯಲ್ಲಿ ಎಲ್ಲರೂ ಹಂಗೇ). ಚಿಕ್ಕಪ್ಪ ಮಕ್ಕಳನ್ನ ಚೆನ್ನಾಗಿ ನೋಡ್ಕೊಂಡ. ಎರಡು ರಾಜಮನೆತನದ ರಕ್ತ, ಆದ್ರೆ ಕೈಯಲ್ಲಿ ಕವಡೆ ಇಲ್ಲ. ಅವರು ಪೋರ್ಚುಗಲ್‌ನಲ್ಲಿ ತಮ್ಮನ್ನ ಕರ್ಕೊಂಡಿದ್ದು ದ ನೊರೊನ್ಹಾ ಅಂತ.

ಪ್ರಶ್ನೆ: ಅಪ್ಪ ಎನ್ರಿಕೆಜ್, ಮಕ್ಕಳು ನೊರೊನ್ಹಾ, ಮೊಮ್ಮಕ್ಕಳು ಮಿನೇಜಸ್ ಅಂತ ಎಲ್ಲೋ ಓದಿದೆ. ಇದೆಂಥಾ ಮನೆತನ, ತಲೆಮಾರಿಗೊಂದು ಹೆಸರು? (ಉಡುಪಿ)

ಅವರ ಪದ್ಧತಿಯೇ ಅಷ್ಟು ಸಡಿಲ ಇತ್ತು ಮೇಡಂ. ಹಳೇ ಕಾಲದಲ್ಲಿ ಐಬೀರಿಯಾದಲ್ಲಿ (ಸ್ಪೇನ್, ಪೋರ್ಚುಗಲ್ ಎರಡೂ ಇರೋ ಸೀಮೆ) ಅಪ್ಪನ ಹೆಸರಿಗೆ ಬಾಲ ಸೇರಿಸಿದ್ರೆ ಮುಗೀತು: ಎನ್ರಿಕೆಯ ಮಗ ಎನ್ರಿಕೆಜ್, ಫೆರ್ನಾಂದೊ ಮಗ ಫೆರ್ನಾಂಡಿಸ್, ರೊದ್ರಿಗೊ ಮಗ ರೊಡ್ರಿಗಸ್, ಗೊನ್ಸಾಲೊ ಮಗ ಗೊನ್ಸಾಲ್ವಿಸ್. ಮಂಗಳೂರು ಫೋನ್‌ಬುಕ್ಕಿನ ಅರ್ಧ ಇದರಲ್ಲೇ ಬಂತು. ಆಮೇಲೆ ದೊಡ್ಡ ಮನೆತನಗಳು ತಮ್ಮ ಜಮೀನಿನ ಅಥವಾ ಕೋಟೆಯ ಹೆಸರು ಇಟ್ಕೊಳ್ಳೋಕೆ ಶುರು ಮಾಡಿದ್ವು. ಸೊಜಾ ಅನ್ನೋದು ಉತ್ತರ ಪೋರ್ಚುಗಲ್ಲಿನ ಒಂದು ಹೊಳೆ, ಮಿನೇಜಸ್ ಮತ್ತು ಸಲ್ದಾನ್ಹಾ ಎರಡೂ ಕಾಸ್ಟೀಲ್ ಕಡೆಯ ಪಲೆನ್ಸಿಯಾ ಸೀಮೆಯ ಊರುಗಳು.

ಇನ್ನು ಮಕ್ಕಳು ಅಪ್ಪನ ಹೆಸರೇ ಇಟ್ಕೋಬೇಕು ಅನ್ನೋ ಕಾನೂನು ಇರ್ಲಿಲ್ಲ. ಆಸ್ತಿ ಯಾವ ಕಡೆಯಿಂದ ಬಂತೋ ಹೆಸರೂ ಆ ಕಡೆಯದ್ದೇ. 1415ರಲ್ಲಿ ಪೋರ್ಚುಗೀಸರು ಆಫ್ರಿಕಾ ತೀರದ ಸೆಯುತಾ ಹಿಡಿದಾಗ ಅಲ್ಲಿಗೆ ಮೊದಲ ಕ್ಯಾಪ್ಟನ್ ಆಗಿದ್ದು ಪೆದ್ರೊ ದ ಮಿನೇಜಸ್, ವಿಲಾ ರಿಯಾಲ್‌ನ ಮೊದಲ ಕೌಂಟ್. ಅವನ ಮಗಳು ಬಿಯಾತ್ರಿಸ್‌ನ ಮದುವೆ ಆಗಿದ್ದು ಇಸಾಬೆಲ್ ಮಗ ಫೆರ್ನಾಂದೊ ದ ನೊರೊನ್ಹಾ. ಮಾವನ ಕೌಂಟ್ ಪದವಿ, ಸೆಯುತಾದ ಅಧಿಕಾರ ಎರಡೂ ಅಳಿಯನಿಗೆ. ಹಂಗಾಗಿ ಇವರ ಮಗ ತಾತನ ಹೆಸರೇ ಇಟ್ಕೊಂಡು ಪೆದ್ರೊ ದ ಮಿನೇಜಸ್ ಆದ, 1489ರಲ್ಲಿ ವಿಲಾ ರಿಯಾಲ್‌ನ ಮಾರ್ಕ್ವಿಸ್ ಪದವಿಯೂ ಸಿಕ್ತು. ರಕ್ತ ನೊರೊನ್ಹಾ, ಬೋರ್ಡು ಮಿನೇಜಸ್. ಇದೇ ಶಾಖೆಯ ಬೇರೆ ಬೇರೆ ಮಕ್ಕಳು ಮುಂದೆ ಮತ್ತೆ ನೊರೊನ್ಹಾ ಆದ್ರು. ವಂಶವೃಕ್ಷ ಬಿಡಿಸೋಕೆ ಕೂತವರ ತಲೆ ಕೆಡೋದು ಇಲ್ಲೇ.

ಅಕ್ಕತಂಗಿಯರದ್ದೂ ಒಂದು ಮಾತು ಹೇಳ್ಬೇಕು. ಇಸಾಬೆಲ್ ಮಗಳು ಕೊನ್ಸ್ಟಾನ್ಸಾ 1420ರಲ್ಲಿ ಬ್ರಗಾನ್ಸಾದ ಅಫೊನ್ಸೊನ ಎರಡನೇ ಹೆಂಡತಿ ಆದಳು, ಅವನು ಮುಂದೆ ಬ್ರಗಾನ್ಸಾದ ಮೊದಲ ಡ್ಯೂಕ್. ಗಿಮರಾಯಿಸ್ ಊರಲ್ಲಿ ಈಗಲೂ ಟೂರಿಸ್ಟ್‌ಗಳು ಹೋಗಿ ನೋಡೋ ಡ್ಯೂಕ್‌ಗಳ ಅರಮನೆ ಇದೆಯಲ್ಲ, ಆಕೆ ಇದ್ದಿದ್ದು ಅಲ್ಲೇ. ಮಕ್ಕಳಾಗ್ಲಿಲ್ಲ, ಬಡವರ ಸೇವೆ ಮಾಡ್ಕೊಂಡಿದ್ದು 1480ರಲ್ಲಿ ತೀರಿಕೊಂಡಳು, ಜನ ಸಂತಳ ಥರ ನೋಡ್ತಿದ್ರು.

ಪ್ರಶ್ನೆ: ಈ ಮನೆತನದಲ್ಲಿ ಒಬ್ಬ ಆರ್ಚ್‌ಬಿಷಪ್‌ನಿಂದಲೇ ವಂಶ ಬೆಳೀತು ಅಂತಾರಲ್ಲ, ಸುಳ್ಳು ತಾನೆ? (ಹೆಸರು ಬೇಡ ಅಂದಿದ್ದಾರೆ)

ನಿಜ. ಇಸಾಬೆಲ್‌ನ ಇನ್ನೊಬ್ಬ ಮಗ ಪೆದ್ರೊ ದ ನೊರೊನ್ಹಾ 1424ರಿಂದ 1452ರವರೆಗೆ ಲಿಸ್ಬನ್ ಆರ್ಚ್‌ಬಿಷಪ್. ಮಕ್ಕಳು ಸುಮಾರು ಜನ, ರಾಜ ಅವರನ್ನ ಕಾನೂನು ಪ್ರಕಾರ ವಾರಸುದಾರರು ಅಂತ ಒಪ್ಪಿಕೊಂಡ. ಮುಂದೆ ಅಂಜೇಜಾದ ಮಾರ್ಕ್ವಿಸ್ ಅಂತ ದೊಡ್ಡ ಹೆಸರು ಮಾಡಿದ ಶಾಖೆ ಇವನದ್ದೇ. ಆ ಕಾಲಕ್ಕೆ ಇದು ಅಂಥಾ ದೊಡ್ಡ ಸುದ್ದಿಯೇನಲ್ಲ.

ಪ್ರಶ್ನೆ: ಬ್ರೆಜಿಲ್‌ನಲ್ಲಿ ಫೆರ್ನಾಂದೊ ದ ನೊರೊನ್ಹಾ ಅಂತ ಸೂಪರ್ ಬೀಚ್ ಇರೋ ದ್ವೀಪ ಇದೆ, ನಿಮ್ಮ ಈ ಫೆರ್ನಾಂದೊದ್ದೇನಾ? (ಬೆಂಗಳೂರು)

ಅಲ್ಲ. ಅದು ಫೆರ್ನಾವೊ ದ ಲೊರೊನ್ಹಾ ಅನ್ನೋ ಲಿಸ್ಬನ್ ವ್ಯಾಪಾರಿಯ ಹೆಸರು, 'ಲ' ಇದೆ ನೋಡಿ. ಯಹೂದಿ ಮೂಲದಿಂದ ಕ್ರಿಶ್ಚಿಯನ್ ಆದ ಕುಟುಂಬದವನು, ಬ್ರೆಜಿಲ್‌ನ ಬಣ್ಣದ ಮರದ ವ್ಯಾಪಾರದ ಗುತ್ತಿಗೆ ಹಿಡಿದಿದ್ದ, 1504ರಲ್ಲಿ ರಾಜ ಮನುಯೆಲ್ ಆ ದ್ವೀಪವನ್ನ ಅವನಿಗೆ ಬರೆದುಕೊಟ್ಟ. ಬರೀತಾ ಬರೀತಾ ಲ ಹೋಗಿ ನ ಆಯ್ತು. ಇಂಟರ್‌ನೆಟ್‌ನಲ್ಲಿ ಇಬ್ಬರನ್ನೂ ಕಲಸಿ ಬರೆದ ಪೋಸ್ಟ್‌ಗಳು ಬೇಕಾದಷ್ಟಿವೆ, ನಂಬಬೇಡಿ.

ಪ್ರಶ್ನೆ: ಇವರಲ್ಲಿ ಯಾರಾದ್ರೂ ನಮ್ಮ ಕಡೆ ಬಂದಿದ್ರಾ, ಇಲ್ಲ ಹೆಸರು ಮಾತ್ರ ಬಂತಾ? (ಕಾರವಾರ)

ಬಂದಿದ್ರು ಮಾರಾಯ್ರೇ, ಬೇಡ ಅನ್ನೋಷ್ಟು ಬಂದಿದ್ರು. ದೊಡ್ಡಣ್ಣನಿಗೆ ಆಸ್ತಿ, ಉಳಿದವರಿಗೆ ಚರ್ಚು ಅಥವಾ ಹಡಗು, ಅವರ ಮನೆಗಳಲ್ಲಿ ಲೆಕ್ಕ ಅಷ್ಟೇ. ಗೋವಾ ಹಿಡಿದ ಅಫೊನ್ಸೊ ದ ಅಲ್ಬುಕರ್ಕ್‌ನ ತಂಗಿ ಒಬ್ಬ ನೊರೊನ್ಹಾನ ಮದುವೆ ಆಗಿದ್ದಳು, ಅವಳ ಮಕ್ಕಳೆಲ್ಲ ಸೋದರಮಾವನ ಹಿಂದೆ ಇಂಡಿಯಾಗೆ ಬಂದ್ರು. ಅದರಲ್ಲಿ ಅಂತೋನಿಯೊ 1510ರಲ್ಲಿ ಗೋವಾ ನದಿ ಮೇಲಿನ ಕಾದಾಟದಲ್ಲಿ ಗಾಯ ಆಗಿ ಸತ್ತ. ಇನ್ನೊಬ್ಬ ಗಾರ್ಸಿಯಾ ವಾಪಸ್ ಹೋಗಿ, ಮುದುಕ ಆದ್ಮೇಲೆ 1538ರಲ್ಲಿ ವೈಸ್‌ರಾಯ್ ಆಗಿ ಬಂದ. ಆಗ ಟರ್ಕಿಯ ನೌಕಾಪಡೆ ದಿಯು ಕೋಟೆಯನ್ನ ಮುತ್ತಿತ್ತು, ಈತ ಗೋವಾದಲ್ಲಿ ಹಡಗು ಜೋಡಿಸ್ತಾ ಜೋಡಿಸ್ತಾ ಕೂತ, ಅಷ್ಟ್ರಲ್ಲಿ ಟರ್ಕಿಯವರೇ ಬೇಜಾರಾಗಿ ಎದ್ದು ಹೋದ್ರು. 1540ರಲ್ಲಿ ಗೋವಾದಲ್ಲೇ ಸತ್ತ. ಆಮೇಲೆ 1550ರಿಂದ 54ರವರೆಗೆ ಅಫೊನ್ಸೊ ದ ನೊರೊನ್ಹಾ, 1564ರಿಂದ 68ರವರೆಗೆ ಅಂತಾವೊ ದ ನೊರೊನ್ಹಾ, 1571ರಿಂದ 73ರವರೆಗೆ ಅಂತೋನಿಯೊ ದ ನೊರೊನ್ಹಾ. ವೈಸ್‌ರಾಯ್ ಕುರ್ಚಿ ಇವರ ಮನೆಯದ್ದೇ ಅನ್ನೋ ಥರ.

ಕರಾವಳಿಯವರು ನೆನಪಿಟ್ಕೋಬೇಕಾದ್ದು ಅಂತಾವೊನ ಹೆಸರು. ಉಳ್ಳಾಲದ ರಾಣಿ ಕಪ್ಪ ಕೊಡ್ತಿಲ್ಲ ಅಂತ ದೊಡ್ಡ ಪಡೆ ತಗೊಂಡು ಮಂಗಳೂರಿಗೆ ಬಂದು, ಊರು ಸುಟ್ಟು, 1568ರ ಜನವರಿಯಲ್ಲಿ ಅಲ್ಲಿ ಪೋರ್ಚುಗೀಸ್ ಕೋಟೆ ಕಟ್ಟಿಸೋಕೆ ಕೈ ಹಾಕಿದ್ದು ಈತನೇ. ಉಳ್ಳಾಲದ ಅಬ್ಬಕ್ಕನ ಕಥೆಗಳಲ್ಲಿ ಬರೋ ವೈಸ್‌ರಾಯ್ ಇವನು. ಮರು ವರ್ಷ ಪೋರ್ಚುಗಲ್‌ಗೆ ವಾಪಸ್ ಹೋಗೋ ದಾರಿಯಲ್ಲಿ ಸತ್ತ. ಅಬ್ಬಕ್ಕನ ಉತ್ಸವದ ಭಾಷಣಗಳಲ್ಲಿ ಇವನನ್ನೂ ಮೂರು ವರ್ಷ ಆದ್ಮೇಲೆ ಬಂದ ಅಂತೋನಿಯೊನನ್ನೂ ಒಬ್ಬನೇ ಮಾಡಿಬಿಡ್ತಾರೆ, ಬೇರೆ ಬೇರೆ ಮನುಷ್ಯರು.

ಇನ್ನೊಬ್ಬನ ಕೈಕೆಲಸ ನೀವು ನೋಡಿರ್ತೀರಿ. ಪಣಜಿಯಿಂದ ಹಳೇ ಗೋವಾಗೆ ಹೋಗೋವಾಗ ರಿಬಂದರ್‌ವರೆಗೂ ನೀರು, ಉಪ್ಪಿನ ಗದ್ದೆ ಮಧ್ಯೆ ಮೂರು ಕಿಲೋಮೀಟರ್‌ಗೂ ಸ್ವಲ್ಪ ಜಾಸ್ತಿ ಉದ್ದದ ಹಳೇ ಸೇತುವೆ ರಸ್ತೆ ಇದೆಯಲ್ಲ, ಅದನ್ನ ಕಟ್ಟಿಸಿದ್ದು ಲಿನ್ಯಾರೆಸ್‌ನ ಕೌಂಟ್ ಮಿಗೆಲ್ ದ ನೊರೊನ್ಹಾ, 1629ರಿಂದ 1635ರವರೆಗೆ ವೈಸ್‌ರಾಯ್. ಇಕ್ಕೇರಿಯ ವೀರಭದ್ರ ನಾಯಕನ ಜೊತೆ ಒಪ್ಪಂದ ಆಗಿದ್ದೂ ಇವನ ಕಾಲದಲ್ಲೇ, ಪೋರ್ಚುಗೀಸರಿಗೆ ಬೇಕಿದ್ದಿದ್ದು ಘಟ್ಟದ ಕಾಳುಮೆಣಸು. ನಾನೂರು ವರ್ಷದ ಹತ್ರ ಬಂತು, ಆ ರಸ್ತೆ ಮೇಲೆ ಇವತ್ತಿಗೂ ಬಸ್ಸು ಓಡಾಡ್ತಿದೆ. ನಮ್ಮ ಈಗಿನ ಕಂಟ್ರಾಕ್ಟರ್‌ಗಳ ಬಗ್ಗೆ ಏನೂ ಹೇಳೋದು ಬೇಡ.

ಪ್ರಶ್ನೆ: ಹಂಗಾದ್ರೆ ಮಂಗಳೂರಿನ ನೊರೊನ್ಹಾಗಳು ಈ ರಾಜವಂಶದವರಾ? ನಮ್ಮ ಚಿಕ್ಕಪ್ಪ ಹಂಗೇ ಹೇಳ್ಕೊಂಡು ತಿರುಗ್ತಾರೆ. (ದುಬೈಯಿಂದ ಒಬ್ಬರು)

ಚಿಕ್ಕಪ್ಪಂಗೆ ಬೇಜಾರಾದ್ರೂ ಪರ್ವಾಗಿಲ್ಲ, ಹೆಚ್ಚೂಕಮ್ಮಿ ಅಲ್ಲ. ಗೋವಾದಲ್ಲಿ ಹದಿನಾರನೇ ಶತಮಾನದಲ್ಲಿ ಜನ ಕ್ರಿಶ್ಚಿಯನ್ ಆದಾಗ ಜ್ಞಾನಸ್ನಾನ ಕೊಟ್ಟ ಪಾದ್ರಿಯದ್ದೋ, ಪಕ್ಕದಲ್ಲಿ ನಿಂತ ಧರ್ಮಪಿತನದ್ದೋ ಸರ್‌ನೇಮ್ ಸಿಕ್ತಿತ್ತು. ಧರ್ಮಪಿತ ಆಗ್ತಿದ್ದವರಲ್ಲಿ ಪೋರ್ಚುಗೀಸ್ ಅಧಿಕಾರಿಗಳು, ಸಿಪಾಯಿಗಳು ಎಲ್ಲ ಇದ್ರು. ಒಂದೇ ಮನೆಯವರು ಬೇರೆ ಬೇರೆ ದಿನ ದೀಕ್ಷೆ ತಗೊಂಡು ಅಣ್ಣ ಒಂದು ಹೆಸರು ತಮ್ಮ ಇನ್ನೊಂದು ಹೆಸರು ಆಗಿದ್ದೂ ಉಂಟು. ಆಮೇಲೆ ಇನ್‌ಕ್ವಿಸಿಷನ್ (ಚರ್ಚಿನ ಧರ್ಮವಿಚಾರಣೆ ಕೋರ್ಟು) ಕಾಟಕ್ಕೆ, ಮರಾಠರ ದಾಳಿಗೆ, ತೆರಿಗೆಗೆ ಹೆದರಿ ಅಲೆ ಅಲೆಯಾಗಿ ಗೋವಾ ಬಿಟ್ಟು ಕೆನರಾಕ್ಕೆ ಬಂದವರ ವಂಶಸ್ಥರೇ ಮಂಗಳೂರಿನ ಕೊಂಕಣಿ ಕೆಥೊಲಿಕರು. ಇವರ ಮೂಲ ಹುಡುಕಿದ್ರೆ ಸಿಗೋದು ಪ್ರಭು, ಕಾಮತ್, ಶೆಣೈ, ನಾಯ್ಕ್, ಪೈ. ಎಷ್ಟೋ ಮನೆಗಳಲ್ಲಿ ಹಿರಿಯರು ಈಗಲೂ 'ನಾವು ಪ್ರಭುಗಳ ಪೈಕಿ' ಅಂತ ಹೇಳೋದನ್ನ ಕೇಳಿರ್ತೀರಿ. ನನ್ನ ಕೇಳಿದ್ರೆ ಹಿಹೋನ್‌ನಲ್ಲಿ ಬೆಂಕಿ ಬಿದ್ದ ಕಥೆಗಿಂತ ಆ 'ಪ್ರಭುಗಳ ಪೈಕಿ' ಅನ್ನೋ ಮಾತು ಹಿಡ್ಕೊಂಡು ಹುಡುಕೋದೇ ಜಾಸ್ತಿ ಪ್ರಯೋಜನ. ಆದ್ರೆ ಒಂದು ತೊಂದರೆ, 1784ರಲ್ಲಿ ಟಿಪ್ಪು ಕಾಲದಲ್ಲಿ ಕೆನರಾದ ಚರ್ಚುಗಳು ನೆಲಸಮ ಆಗಿ ಜನರನ್ನ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಹಳೇ ರಿಜಿಸ್ಟರ್‌ಗಳೂ ಹೋದ್ವು, ಅದರ ಹಿಂದಕ್ಕೆ ಹೋಗೋದು ಕಷ್ಟ. 1799ರ ನಂತರದ್ದು ಆಯಾ ಚರ್ಚಿನಲ್ಲಿ ವಿಚಾರಿಸಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ನೊರೊನ್ಹಾ ಲಾಂಛನ ಅಂತ ಫ್ರೇಮ್ ಹಾಕಿ ಮಾರ್ತಾರೆ. ಮಗಳ ಮದುವೆ ಕಾರ್ಡ್ ಮೇಲೆ ಹಾಕಿಸಬಹುದಾ? (ಮಂಗಳೂರು)

ಹಾಕಿಸಿದ್ರೆ ಯಾರೂ ಕೇಸ್ ಹಾಕಲ್ಲ. ಪೋರ್ಚುಗಲ್‌ನ ರಾಜಲಾಂಛನದ ಗುರಾಣಿಗಳು, ಕಾಸ್ಟೀಲ್‌ನ ಕೋಟೆ, ಜೊತೆಗೆ ಸಿಂಹ, ಎಲ್ಲ ಇರೋದ್ರಿಂದ ನೋಡೋಕೂ ಜೋರಾಗಿದೆ. ಆದ್ರೆ ಲಾಂಛನ ಅನ್ನೋದು ಒಂದು ವಂಶಕ್ಕೆ ಕೊಟ್ಟಿದ್ದು, ಆ ಸರ್‌ನೇಮ್ ಇರೋ ಎಲ್ಲರಿಗೂ ಅಲ್ಲ. ನಾನಾಗಿದ್ರೆ ಆ ದುಡ್ಡಲ್ಲಿ ಮದುವೆಗೆ ಮುಂಚಿನ ರೋಸ್ ಶಾಸ್ತ್ರಕ್ಕೆ ಇನ್ನೊಂದು ಕೆಜಿ ಸ್ವೀಟ್ ತರಿಸ್ತಿದ್ದೆ.

ಪ್ರಶ್ನೆ: ದೊಡ್ಡ ಮನೆತನದ ಕೊನೆ ಏನಾಯ್ತು? (ಧಾರವಾಡ)

ಶಾಖೆಗಳು ಹಲವು ಉಳಿದ್ವು, ಮುಖ್ಯ ಮನೆ ಮಾತ್ರ ಕೆಟ್ಟದಾಗಿ ಮುಗೀತು. ಅರವತ್ತು ವರ್ಷ ಸ್ಪೇನ್ ರಾಜರ ಕೆಳಗಿದ್ದ ಪೋರ್ಚುಗಲ್ 1640ರಲ್ಲಿ ಬಿಡಿಸ್ಕೊಂಡು ಬ್ರಗಾನ್ಸಾದ ಡ್ಯೂಕ್‌ನನ್ನ ನಾಲ್ಕನೇ ಜೊವಾಂವ್ ಅಂತ ರಾಜ ಮಾಡ್ತು. ಮರು ವರ್ಷವೇ ಅವನ ವಿರುದ್ಧ ಪಿತೂರಿ. ಮುಂದಾಳು ಬ್ರಾಗಾದ ಆರ್ಚ್‌ಬಿಷಪ್ ಸೆಬಾಸ್ತಿಯಾವೊ ದ ಮಾತುಸ್ ದ ನೊರೊನ್ಹಾ, ಜೊತೆಗೆ ವಿಲಾ ರಿಯಾಲ್ ಮಾರ್ಕ್ವಿಸ್ ಲುಯಿಸ್ ದ ನೊರೊನ್ಹಾ ಇ ಮಿನೇಜಸ್, ಅವನ ಮಗ ಕಮಿನ್ಹಾದ ಡ್ಯೂಕ್. ಗುಟ್ಟು ಬಯಲಾಯ್ತು. 1641ರ ಆಗಸ್ಟ್ 29ರಂದು ಲಿಸ್ಬನ್‌ನ ರೊಸ್ಸಿಯೊ ಚೌಕದಲ್ಲಿ ಅಪ್ಪ ಮಗ ಇಬ್ಬರ ತಲೆಯೂ ಹೋಯ್ತು, ಆರ್ಚ್‌ಬಿಷಪ್ ಜೈಲಲ್ಲೇ ಸತ್ತ. ಮುಟ್ಟುಗೋಲಾದ ಆಸ್ತಿಯಿಂದ 1654ರಲ್ಲಿ ರಾಜನ ಕಿರಿಮಗನಿಗೆ ಒಂದು ದೊಡ್ಡ ಜಹಗೀರು ಮಾಡಿಕೊಟ್ರು. ದಂಗೆಯಲ್ಲಿ ಊರು ಕಳ್ಕೊಂಡ ಅಲ್ಫೊನ್ಸೊನ ವಂಶ, ಪಿತೂರಿಯಲ್ಲಿ ಉಳಿದಿದ್ದನ್ನೂ ಕಳ್ಕೊಳ್ತು. ಅತ್ತ ಆರ್ಚ್‌ಬಿಷಪ್ ಪೆದ್ರೊನ ಶಾಖೆಯವರು ಮಾತ್ರ ಆರಾಮಾಗಿದ್ರು. ಅದರಲ್ಲಿ ಪೆದ್ರೊ ಅಂತೋನಿಯೊ ದ ನೊರೊನ್ಹಾ 1690ರ ದಶಕದಲ್ಲಿ ಗೋವಾದಲ್ಲೂ, 1714ರಿಂದ 18ರವರೆಗೆ ಬ್ರೆಜಿಲ್‌ನಲ್ಲೂ ವೈಸ್‌ರಾಯ್ ಆಗಿದ್ದ.

ಪ್ರಶ್ನೆ: ಮುಂದಿನ ವರ್ಷ ಸ್ಪೇನ್ ಟ್ರಿಪ್ ಇದೆ. ನೊರೇನ್ಯಾದಲ್ಲಿ ನೋಡೋಕೆ ಏನಾದ್ರೂ ಇದೆಯಾ? ನಾವು ಪ್ಯೂರ್ ವೆಜ್. (ಮೈಸೂರು)

ಓವಿಯೆದೊದಿಂದ ಹದಿನೈದು ಕಿಲೋಮೀಟರ್ ಒಳಗೇ, ಹೋಗಿಬರಬಹುದು. ಆಸ್ಟೂರಿಯಾಸ್‌ನ ಅತಿ ಚಿಕ್ಕ ಪುರಸಭೆ ಅದು, ವಿಸ್ತೀರ್ಣ ಆರು ಚದರ ಕಿಲೋಮೀಟರ್ ಕೂಡ ಇಲ್ಲ, ಸುತ್ತಲೂ ಸಿಯೆರೊ ಅನ್ನೋ ಒಂದೇ ಪುರಸಭೆ. ಇವತ್ತಿಗೂ 'ಕೌಂಟ್‌ನ ಪಟ್ಟಣ' ಅಂತಲೇ ಹೇಳ್ಕೊಳ್ತಾರೆ. ಆದ್ರೆ ಈಗ ಊರು ಹೆಸರುವಾಸಿ ಇರೋದು ಹಂದಿಮಾಂಸದ ಸಾಸೇಜ್‌ಗೆ, ಹಂದಿಗೆ ಅಂತಲೇ ಒಂದು ಪ್ರತಿಮೆ ನಿಲ್ಲಿಸಿದ್ದಾರೆ, ಅದರ ಮುಂದೆ ಫೋಟೋ ತೆಗೆಸ್ಕೊಳ್ಳಿ. ಸೇಬಿನ ಸೈಡರ್ ಚೆನ್ನಾಗಿರತ್ತೆ, ಸ್ವಲ್ಪ ಕಿಕ್ ಇರತ್ತೆ, ನೋಡ್ಕೊಂಡು ಕುಡೀರಿ. ಹೋಟೆಲ್‌ನಲ್ಲಿ ಫಬಾದಾ ಅಂತ ಬಿಳಿ ಅವರೆ ಥರದ ಕಾಳಿನ ಸಾರು ತಂದಿಟ್ರೆ ವೆಜ್ ಅಂದ್ಕೊಂಡು ಸ್ಪೂನ್ ಹಾಕಬೇಡಿ, ಅದರ ತಳದಲ್ಲೂ ಸಾಸೇಜ್ ಇರತ್ತೆ.